ಸಾರ್ಕೋಮಿಯರ್ ಬಾಯಿಪಾಠ ಮಾಡಬ್ಯಾಡ್ರಿ, ಸ್ಕೇಲ್ ಹಿಡದು ಬರೀರಿ

ಬಿಎಸ್ಸಿ, ಫಿಜಿಯೋಥೆರಪಿ ಓದೋರಿಗೆ ಹೇಳಾಕತ್ತೇನಿ. ಸಾರ್ಕೋಮಿಯರ್ ಅಂದ್ರ ಸ್ನಾಯುವಿನ ಎಳಿಯೊಳಗ ಸಾಲಾಗಿ ಕೂಡಿರೂ, ಸ್ನಾಯು ಬಿಗಿ ಹಿಡದಾಗ ಗಿಡ್ಡ ಆಗೂ ಸಣ್ಣ ಘಟಕ. ಧಾರವಾಡ ಸಪ್ತಾಪುರದ ಝೆರಾಕ್ಸ್ ಅಂಗಡ್ಯಾಗ ಸಿಗೋ ನೋಟ್ಸ್‌ನ್ಯಾಗ ಆಕ್ಟಿನ್ ಮಯೋಸಿನ್ (ಒಂದರ ಮ್ಯಾಲೊಂದ ಸರದು ಸ್ನಾಯು ಗಿಡ್ಡ ಮಾಡೂ ಎರಡು ಪ್ರೋಟೀನ್) ಬಿಟ್ರ ಉಳದ ಪ್ರೋಟೀನ್ ಎಲ್ಲಾ ಒಂದ್ ಟೇಬಲ್‌ನ್ಯಾಗ ತುರಕಿರ್ತಾರ, ಹಂಗ ಓದಿದ್ರ ವೈವಾದಾಗ ಟೈಟಿನ್ ನೆಬುಲಿನ್ ಅದಲುಬದಲ ಆಗೂದ ಗ್ಯಾರಂಟಿ.

ಒಂದ್ ಬಿಳಿ ಹಾಳಿ ತಗೋರಿ. 1 ಮೈಕ್ರಾನ್ ಅಂದ್ರ 5 ಸೆಂಟಿಮೀಟರ್ ಅಂತ ಹಿಡದು, 11 ಸೆಂಟಿಮೀಟರ್ ದೂರಕ್ಕ ಎರಡು ಅಂಕುಡೊಂಕು ಗೆರಿ ನಿಲ್ಲಸ್ರಿ, ಇವು ಝಡ್ ಲೈನ್, ಅಂದ್ರ ಸಾರ್ಕೋಮಿಯರ್ ಎರಡೂ ತುದಿ. ನಡುವ 8 ಸೆಂಟಿಮೀಟರ್ ದಪ್ಪ ಗೆರಿ ಮಯೋಸಿನ್, ಎರಡೂ ಝಡ್ ಲೈನಿಂದ ಒಳಗ 5 ಸೆಂಟಿಮೀಟರ್ ತೆಳು ಗೆರಿ ಆಕ್ಟಿನ್. (ಈ ಅಳತಿ ಕಪ್ಪಿ ಸ್ನಾಯುವಿನ ಲೆಕ್ಕ, ಮನಷ್ಯಾರ ಆಕ್ಟಿನ್ ಗೆರಿ ಇನ್ನೊಂಚೂರು ಉದ್ದ.)

ಈಗ ಪ್ರೋಟೀನ್ ಒಂದೊಂದ ಕೂಡಸ್ಕೋತ ಹೋಗ್ರಿ, ಪ್ರತಿ ಸಲ ಒಂದ ಪ್ರಶ್ನೆ ಕೇಳ್ಕೋರಿ, ಇದನ್ನ ತಗದ್ರ ಏನ್ ಸಡ್ಲ ಆಗತೈತಿ? ಆಲ್ಫಾ-ಆಕ್ಟಿನಿನ್ ತಗದ್ರ ಆಕ್ಟಿನ್ ಬುಡ ಝಡ್ ಲೈನ್‌ದಾಗ ನಿಲ್ಲಂಗಿಲ್ಲ. ಮಯೋಮೆಸಿನ್ ತಗದ್ರ ನಡುವಿನ ಎಂ ಲೈನ್‌ದಾಗ ಮಯೋಸಿನ್ ಸಾಲ ಕೆಡತೈತಿ. ನೆಬುಲಿನ್ ಆಕ್ಟಿನ್ ಮಗ್ಗಲದಾಗ ಉದ್ದಕ್ಕ ಮಲಗಿರ್ತದ, ಅದಕ್ಕ ಗಟ್ಟಿತನ ಕೊಡತೈತಿ.

ಟೈಟಿನ್‌ಗೆ ಬ್ಯಾರೆ ಬಣ್ಣದ ಪೆನ್ಸಿಲ್ ಇಟ್ಕೋರಿ, ಮನಷ್ಯಾರ ಮೈಯಾಗ ಇದಕ್ಕಿಂತ ದೊಡ್ಡ ಪ್ರೋಟೀನ್ ಇಲ್ಲ, ತೂಕ 30 ಲಕ್ಷ ಡಾಲ್ಟನ್ (ಅಣುವಿನ ತೂಕದ ಅಳತಿ) ದಾಟತೈತಿ. ಝಡ್ ಲೈನಿಂದ ಎಂ ಲೈನ್ ತನಕ ಒಂದ ಅಣು, ನಿಮ್ಮ ಹಾಳ್ಯಾಗ ಐದೂವರೆ ಸೆಂಟಿಮೀಟರ್. ಮಯೋಸಿನ್ ಮುಟ್ಟೂಕಿಂತ ಮೊದಲಿನ ಒಂದೂವರೆ ಸೆಂಟಿಮೀಟರ್ ಅಷ್ಟ ಸ್ಪ್ರಿಂಗ್ ಹಂಗ ಬರೀರಿ, ಸ್ನಾಯು ಎಳದಾಗ ಬಿಗಿ ಆಗೂದು, ಮಯೋಸಿನ್‌ನ ನಟ್ಟನಡುವ ಹಿಡಿಯೂದು ಅದ.

ಇಷ್ಟಾದ ಮ್ಯಾಲೆ ಕೆಳಗ ಇನ್ನೊಂದ್ ಸಾರ್ಕೋಮಿಯರ್ ಬರದು ಝಡ್‌ಗೆ ಝಡ್ ಜೋಡಸ್ರಿ, ಆ ಕಟ್ಟು ಡೆಸ್ಮಿನ್, ಝಡ್ ಲೈನ್ ಸಾಲು ತಪ್ಪದಂಗ ಹಿಡಿಯೂದು ಇದ. ಹುಬ್ಬಳ್ಳಿ ನೃಪತುಂಗ ಬೆಟ್ಟ ನಾಕೈದ್ ಸಲ ಹತ್ತಿಳದ್ರ ಮರುದಿನ ತೊಡಿ ಹಿಡಕೋತಾವಲ್ರಿ, ಅದು ಹತ್ತಿದ್ದಕ್ಕಿಂತ ಇಳದಿದ್ದರ ಪ್ರತಾಪ, ಇಳಿಯುವಾಗ ಸ್ನಾಯು ಬಿಗಿ ಹಿಡ್ಕೊಂಡ ಉದ್ದ ಆಗತೈತಿ, ಆಗ ಝಡ್ ಲೈನ್ ಸೊಟ್ಟ ಆಗೂ ಸಾಧ್ಯತೆ ಜಾಸ್ತಿ.

ಕಡೀಕ ಸ್ನಾಯುಕೋಶದ ಪೊರಿ ಬರದು ಡಿಸ್ಟ್ರೋಫಿನ್ ಹಾಕ್ರಿ. ಒಳಗಿನ ಆಕ್ಟಿನ್‌ನ ಪೊರಿಯಾಗಿನ ಡಿಸ್ಟ್ರೋಗ್ಲೈಕಾನ್‌ಗೆ, ಅಲ್ಲಿಂದ ಹೊರಗಿನ ಲ್ಯಾಮಿನಿನ್‌ಗೆ ಜೋಡಸೂ ಸರಪಳಿ ಇದು (ಇಲ್ಲಿ ಹಚ್ಚೂ ಆಕ್ಟಿನ್ ಪೊರಿ ಕೆಳಗಿಂದು, ಸಾರ್ಕೋಮಿಯರ್‌ದ್ದಲ್ಲ, ವೈವಾದಾಗ ಕೇಳ್ತಾರ). 1987ರಾಗ ಗುರ್ತು ಹಿಡದ ಈ ಪ್ರೋಟೀನ್ ಜೀನ್ ಎಕ್ಸ್ ಕ್ರೋಮೋಸೋಮ್ ಮ್ಯಾಲೈತಿ, ಅದಕ್ಕ ಡಿಸ್ಟ್ರೋಫಿನ್ ಇಲ್ದ ಸ್ನಾಯು ಸವಿಯೂ ಡುಶೆನ್ ರೋಗ ಹೆಚ್ಚಾಗಿ ಗಂಡ್ಮಕ್ಕಳಿಗೆ. ಡಿಸ್ಟ್ರೋಫಿನ್ ಇಲ್ದಿದ್ರ ಎಳೆಯೂ ಯಂತ್ರ ಸರಿ ಇದ್ರೂ ಪೊರಿ ಹರೀತೈತಿ, ಸ್ನಾಯುಕೋಶದೊಳಗಿನ ಕ್ರಿಯಾಟಿನ್ ಕೈನೇಸ್ ಅನ್ನೂ ಕಿಣ್ವ ರಕ್ತಕ್ಕ ಸೋರತೈತಿ.

ಚಿತ್ರ ತಿಳದೈತೋ ಇಲ್ಲೋ ನೋಡಾಕ ಇನ್ನೊಂದ್ ಹಾಳ್ಯಾಗ ಝಡ್ ಲೈನ್ 10 ಸೆಂಟಿಮೀಟರ್ ದೂರಕ್ಕ ಇಟ್ಟು, 8 ಮತ್ತ 5ರ ಗೆರಿ ಅಷ್ಟ ಉದ್ದ ಇಟ್ಟು ಬರೀರಿ. ಎಚ್ ಝೋನ್ (ನಟ್ಟನಡುವ ಆಕ್ಟಿನ್ ಇಲ್ದ ಬರೇ ಮಯೋಸಿನ್ ಇರೂ ಜಾಗ) ಮಾಯ ಆಗತೈತಿ, ಟೈಟಿನ್ ಸ್ಪ್ರಿಂಗ್ ಒಂದೂವರೆಯಿಂದ ಒಂದಕ್ಕ ಬರತೈತಿ, ಆಕ್ಟಿನ್ ಮಯೋಸಿನ್ ಎಳ್ಳಷ್ಟೂ ಗಿಡ್ಡ ಆಗಿರಂಗಿಲ್ಲ.