ಹಳೇ ಓಪನ್ ಕಾರು ಕೊಳ್ಳುವ ಮುಂಚೆ ಜಾಕ್ ಹಾಕಿ ನೋಡಿ

1962ರಿಂದ 1980ರವರೆಗೆ ಬಂದ ಎಂಜಿಬಿ ರೋಡ್‌ಸ್ಟರ್ ಎಂಬ ಬ್ರಿಟಿಷ್ ಓಪನ್ ಕಾರು ನೋಡಲು ಹೋದರೆ, ಎಂಜಿನ್ ಸ್ಟಾರ್ಟ್ ಮಾಡಿಸುವ ಮೊದಲು ಬಾಗಿಲಿನ ಹಿಂದಿನ ಸಂದಿನ ಫೋಟೋ ತೆಗೆದುಕೊಳ್ಳಿ. ಆಮೇಲೆ ಜಾಕಿಂಗ್ ಪಾಯಿಂಟ್‌ಗೆ ಜಾಕ್ ಕೊಟ್ಟು ಗಾಡಿಯನ್ನು ಸ್ವಲ್ಪ ಎತ್ತಿಸಿ, ಅದೇ ಸಂದು ಮತ್ತೆ ನೋಡಿ. ಸಂದು ಬದಲಾದರೆ, ಬಾಗಿಲು ಬಿಗಿಯಾಗಿ ಸಿಕ್ಕಿಕೊಂಡರೆ, ಒಳಗೆ ಸಿಲ್ (ಬಾಗಿಲ ಕೆಳಗೆ ಉದ್ದಕ್ಕೂ ಇರುವ ತಗಡಿನ ಪೆಟ್ಟಿಗೆಯಂಥ ಭಾಗ) ತುಕ್ಕು ತಿಂದಿದೆ ಅಂತಲೇ ಲೆಕ್ಕ. ಈ ಗಾಡಿಗೆ ಬೇರೆ ಚಾಸಿ, ಅಂದರೆ ಬಾಡಿ ಹೊರುವ ಕೆಳಗಿನ ಚೌಕಟ್ಟು, ಇಲ್ಲ, ಮೇಲೆ ಛಾವಣಿಯ ಆಸರೆಯೂ ಇಲ್ಲ. ಬಾಗಿಲ ಕೆಳಗಿನ ಆ ಎರಡು ಸಿಲ್‌ಗಳೇ ಹೆಚ್ಚಿನ ಭಾರ ಹೊರಬೇಕು, ಅಲ್ವಾ? ಹೊಳೆಯುವ ಪೇಂಟ್ ನೋಡಿ ಸುಮ್ನೆ ಮರುಳಾಗಬೇಡಿ. ಸಿಲ್ ಉದ್ದಕ್ಕೂ ಮ್ಯಾಗ್ನೆಟ್ ಆಡಿಸಿ, ಅಂಟದ ಕಡೆ ಪುಟ್ಟಿ ಇರುತ್ತದೆ. ಆದರೆ ಹಳೇ ತುಕ್ಕಿನ ಮೇಲೆಯೇ ಹೊಸ ತಗಡು ವೆಲ್ಡ್ ಮಾಡಿದ್ದರೆ ಎರಡೂ ಪರೀಕ್ಷೆ ಮೋಸ ಹೋಗಬಹುದು. ಬಾಗಿಲಿನ ಹಿಂಜ್ ಸವೆದಿದ್ದರೂ ಸಂದು ತಪ್ಪು ಹೇಳುತ್ತದೆ. ಬಾಗಿಲನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಅದು ಗೊತ್ತಾಗುತ್ತದೆ. ಟ್ರಯಂಫ್ ಹೆರಾಲ್ಡ್‌ನಂಥ ಇನ್ನೊಂದು ಹಳೇ ಕಾರಿಗಾದರೆ ಬೇರೆ ಚಾಸಿ ಇದೆ, ಅಲ್ಲಿ ಚಾಸಿಯನ್ನೇ ನೋಡಬೇಕು. ಕೊಂಡ ಮೇಲೆ ಸಿಲ್ ಬದಲಿಸುವುದಾದರೆ, ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ಬಾಡಿ ನಡು ಬಗ್ಗಿ, ಬಾಗಿಲು ಮತ್ತೆ ಕೂರುವುದೇ ಇಲ್ಲ.