ಚೆಕ್ ಬರೆದಾಗಲೇ ಆ ಹಣ ನಮ್ಮದಲ್ಲ

ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರು ಗಂಜಿನಲ್ಲಿ, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಒಂದು ಅಡತ್ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ತೊಗರಿ ರಾಶಿ ಶುರುವಾಯಿತೆಂದರೆ ಆಳಂದ, ಚಿತ್ತಾಪುರ, ಸೇಡಂ, ಜೇವರ್ಗಿ ಕಡೆಯಿಂದ ಮಾಲು ಬರುತ್ತಲೇ ಇರುತ್ತದೆ. ರೈತನಿಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಆದ ಕೂಡಲೇ ಹಣ ಬೇಕು. ಮಾಲು ಕೊಂಡ ದಾಲ್ ಮಿಲ್‌ನವರ ಹಣ ನಮಗೆ ಬರುವುದು ವಾರವೋ ಹದಿನೈದು ದಿನವೋ ಬಿಟ್ಟು. ಚೆಕ್ ಬೌನ್ಸ್ ಹುಟ್ಟುವುದು ಈ ನಡುವಿನ ದಿನಗಳಲ್ಲೇ. ಖಾತೆಯಿಂದ ಖಾತೆಗೆ ನೇರ ಹಣ ಕಳಿಸುವ ನೆಫ್ಟ್, ಆರ್‌ಟಿಜಿಎಸ್ ಬಂದ ಮೇಲೆ ಚೆಕ್ ಕಡಿಮೆಯಾಗಿವೆ ನಿಜ. ಆದರೂ ಕಾಗದ ಕೈಗೆ ಸಿಕ್ಕರೇ ನೆಮ್ಮದಿ ಎನ್ನುವ ಹಿರಿಯ ರೈತರಿಗೆ, ಗೋಣಿಚೀಲದ ವ್ಯಾಪಾರಿಗೆ, ಲಾರಿ ಬಾಡಿಗೆಯವರಿಗೆ ಇಂದಿಗೂ ಚೆಕ್ಕೇ ಆಗಬೇಕು.

ನಮ್ಮ ಸೌಕಾರರು ಬೆಳಿಗ್ಗೆ ಬಂದವರೇ ಮೊಬೈಲ್ ತೋರಿಸುತ್ತಾರೆ: "ಖಾತೆದಾಗ ಆರು ಲಕ್ಷದ ಮ್ಯಾಲೆ ತೋರಸಲಾಕತ್ತದರೀ."

"ಅದ್ರಾಗ ನಿಮ್ದು ಎರಡು ಲಕ್ಷನೂ ಇಲ್ರೀ ಸೌಕಾರ್ರೆ. ಉಳಿದಿದ್ದು ಆಗ್ಲೇ ಮಂದೀದು" ಎನ್ನುತ್ತೇನೆ.

ನನ್ನ ಕೆಲಸವೆಲ್ಲ ಈ ಮಾತಿನ ಮೇಲೆ ನಿಂತಿದೆ. ಬ್ಯಾಂಕಿಗೆ ಗೊತ್ತಿರುವುದು ತನ್ನ ಮುಂದೆ ಬಂದ ಚೆಕ್ ಮಾತ್ರ. ಯಾರದೋ ಅಂಗಿ ಜೇಬಿನಲ್ಲಿ ಇರುವ ಚೆಕ್ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಒಂದು ಉದ್ದನೆಯ ವಹಿ ಇಟ್ಟಿದ್ದೇನೆ. ಪುಸ್ತಕದಿಂದ ಚೆಕ್ ಹರಿಯುವ ಮೊದಲೇ ಅದರಲ್ಲಿ ತಾರೀಖು, ಚೆಕ್ ನಂಬರು, ಹೆಸರು, ಮೊತ್ತ ಬರೆದು ಖಾತೆಯಲ್ಲಿ ಉಳಿದ ಹಣದಿಂದ ಕಳೆಯುತ್ತೇನೆ. ಕೊನೆಯ ಮನೆ ಖಾಲಿ ಇರುತ್ತದೆ, ಪಾಸಾದ ದಿನ ತುಂಬುವುದಕ್ಕೆ. ಉದಾಹರಣೆಗೆ, ಬ್ಯಾಂಕಿನಲ್ಲಿ 6,20,000 ಇದೆ ಅನ್ನಿ. ಕೊಟ್ಟರೂ ಇನ್ನೂ ಪಾಸಾಗದ ಚೆಕ್ ಮೂರು: 1,45,000, 88,000, 1,60,000. ಉಳಿದದ್ದು 2,27,000. ಐದನೇ ತಾರೀಖಿಗೆ ಸಾಲದ ಕಂತು 42,000 ಹೋಗುತ್ತದೆ. ಬ್ಯಾಂಕು ತಾನಾಗಿ ಕಡಿಯುವ ಶುಲ್ಕ, ಅದರ ಮೇಲಿನ ಜಿಎಸ್‌ಟಿಗೆಂದು 10,000 ಮುಟ್ಟದೆ ಬಿಡುತ್ತೇನೆ. ಹೊಸ ಚೆಕ್ ಬರೆಯಲು ಇರುವುದು 1,75,000 ಮಾತ್ರ. ಐದನೇ ತಾರೀಖು ಭಾನುವಾರವಾದರೂ ಕಂತು ನಿಲ್ಲುವುದಿಲ್ಲ. 2021ರ ಆಗಸ್ಟ್ 1ರಿಂದ ರಜಾ ದಿನವೂ ಅದು ಕಡಿತವಾಗುತ್ತದೆ. ಶನಿವಾರವೇ ಹಣ ತಯಾರಿರಬೇಕು.

ಗಂಜಿನಲ್ಲಿ ಹಿಂದೆ ಒಂದು ರೂಢಿ ಇತ್ತು. ಇವತ್ತು ಚೆಕ್ ಕೊಟ್ಟು, ಅದು ಬ್ಯಾಂಕುಗಳ ನಡುವಿನ ಕ್ಲಿಯರಿಂಗ್‌ಗೆ ಹೋಗಿ ಬರುವಷ್ಟರಲ್ಲಿ ನಾಳೆ ನಾಡಿದ್ದು ಹಣ ತುಂಬುವುದು. ನನಗದು ಎಂದೂ ಒಗ್ಗಲಿಲ್ಲ, ಈಗಂತೂ ಅದಕ್ಕೆ ದಾರಿಯೇ ಇಲ್ಲ. 2025ರ ಅಕ್ಟೋಬರ್ 4ರಿಂದ ಹಗಲಿನ ಕ್ಲಿಯರಿಂಗ್ ವೇಳೆಯಲ್ಲಿ ಬಂದ ಚೆಕ್‌ಗಳ ಚಿತ್ರ ಆಗಿಂದಾಗಲೇ ನಮ್ಮ ಬ್ಯಾಂಕಿಗೆ ಹೋಗುತ್ತದೆ, ಅದೇ ದಿನ ಸಂಜೆ 7ರೊಳಗೆ ಪಾಸೋ ವಾಪಸ್ಸೋ ತೀರ್ಮಾನವಾಗುತ್ತದೆ. ಬೆಳಿಗ್ಗೆ ಕೊಟ್ಟ ಚೆಕ್ಕಿಗೆ ಸಂಜೆಯೊಳಗೇ ಹಣ ಬೇಕಾಗಬಹುದು. ರೈತನಿಗೆ ಇದರಿಂದ ಒಳ್ಳೆಯದೇ ಆಯಿತು.

ಬರುವ ಹಣದ ಬಗ್ಗೆ ನಾನು ಇನ್ನೂ ಬಿಗಿ. ಮಿಲ್‌ನವರು ಕೊಟ್ಟ ಚೆಕ್ಕನ್ನು ವಹಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ. ಅದು ಪಾಸಾಗಿ ನಮ್ಮ ಖಾತೆಗೆ ಜಮಾ ಆದ ಮೇಲೆಯೇ ಪೆನ್ನು. ಪೆನ್ಸಿಲ್ ಮೊತ್ತವನ್ನು ನಂಬಿ ಒಂದು ಚೆಕ್ಕನ್ನೂ ಬರೆಯುವುದಿಲ್ಲ. ಮುಂದಿನ ತಾರೀಖು ಹಾಕಿ ಕೊಟ್ಟ ಚೆಕ್‌ಗಳಿಗೆ ವಹಿಯ ಹಿಂಭಾಗದಲ್ಲಿ ಬೇರೆ ಪುಟ, ತಾರೀಖಿನ ಪ್ರಕಾರ. ವಾರದ ಮೊದಲ ದಿನ ಆ ಪುಟ ತೆರೆದು ಸೌಕಾರರಿಗೆ ಓದಿ ಹೇಳುತ್ತೇನೆ.

ಇನ್ನು ಚೆಕ್ ಬರೆಯುವುದು. ರೈತನ ಪಾಸ್‌ಬುಕ್ ನೋಡದೆ ನಾನು ಹೆಸರು ಬರೆಯುವುದಿಲ್ಲ. ಊರಲ್ಲಿ ಎಲ್ಲರ ಬಾಯಲ್ಲೂ ಶರಣಪ್ಪ, ಪಾಸ್‌ಬುಕ್ಕಿನಲ್ಲಿ ಶರಣಬಸಪ್ಪ. ಅಷ್ಟಕ್ಕೇ ಬ್ಯಾಂಕಿನವರು ತಕರಾರು ತೆಗೆಯಬಹುದು. ಹಣ ಆ ಹೆಸರಿನ ಖಾತೆಗೇ ಹೋಗಲಿ ಎಂದು ಮೂಲೆಯಲ್ಲಿ ಎರಡು ಗೆರೆ ಎಳೆದು ಅಕೌಂಟ್ ಪೇಯೀ ಎಂದು ಬರೆಯುತ್ತೇನೆ. ಮೊತ್ತವನ್ನು ಎಡ ಅಂಚಿಗೆ ಹತ್ತಿಸಿ ಶುರು ಮಾಡಿ 'ಮಾತ್ರ' ಎಂದು ಮುಗಿಸುತ್ತೇನೆ. ಹೆಸರಿನಲ್ಲಾಗಲಿ ಮೊತ್ತದಲ್ಲಾಗಲಿ ಒಂದು ಅಕ್ಷರ ತಿದ್ದಬೇಕಾಗಿ ಬಂದರೂ ಆ ಚೆಕ್ಕನ್ನು ರದ್ದು ಮಾಡಿ ಬೇರೆ ಬರೆಯುವುದು. ಐವತ್ತು ಸಾವಿರ ಮತ್ತು ಮೇಲಿನ ಚೆಕ್‌ಗಳ ವಿವರವನ್ನು ಪಾಸಿಟಿವ್ ಪೇ ವ್ಯವಸ್ಥೆಯಲ್ಲಿ ಬ್ಯಾಂಕಿಗೆ ಮೊದಲೇ ತಿಳಿಸುತ್ತೇನೆ.

ಹಣ ಸಾಲದ ದಿನ ಬಂದೇ ಬರುತ್ತದೆ. ಆಗ ಸೌಕಾರರ ಸಹಿಗೆ ಚೆಕ್ ಪುಸ್ತಕ ಒಯ್ಯುವುದೇ ಇಲ್ಲ. ರೈತನಿಗೆ ಚಹಾ ಕೊಟ್ಟು ಕೂಡಿಸಿ ಹೇಳುತ್ತೇನೆ: "ಕಾಕಾ, ಇವತ್ತು ಅರ್ಧ ಖಾತೆಗೆ ಹಾಕ್ತೀವ್ರಿ, ಉಳಿದ ಅರ್ಧ ಗುರುವಾರ." ಕೆಲವರು ಸಿಟ್ಟಾಗುತ್ತಾರೆ, ಸಿಟ್ಟಾಗುವ ಹಕ್ಕು ಅವರಿಗಿದೆ. ಆದರೆ ಬೌನ್ಸ್ ಆಗುವ ಚೆಕ್ ಕೊಟ್ಟರೆ ಆ ಮನುಷ್ಯ ಬಸ್ ಹತ್ತಿ ಊರಿಗೆ ಹೋಗಿ, ಅದರ ಮೇಲೆ ಬೀಜ ಗೊಬ್ಬರದ ಅಂಗಡಿಗೆ, ಮಗಳ ಮದುವೆಯ ಬಂಗಾರಕ್ಕೆ ಮಾತು ಕೊಟ್ಟಿರುತ್ತಾನೆ. ವರ್ಷದ ಬೆಳೆಯ ದುಡ್ಡು ಅದು. ವಾಪಸ್ ಬಂದ ಚೆಕ್ಕಿಗೆ ಅವನ ಬ್ಯಾಂಕೂ ಅವನಿಂದಲೇ ಶುಲ್ಕ ಕಡಿಯಬಹುದು. ಕಾನೂನಿನ ಭಯಕ್ಕಿಂತ ಇದು ನನಗೆ ದೊಡ್ಡದು.

ಕಾನೂನೂ ಸಣ್ಣದಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ, ಹಣವಿಲ್ಲದೆ ಚೆಕ್ ಬೌನ್ಸ್ ಆಗಿ ನೋಟಿಸ್ ಬಂದರೂ ಕಟ್ಟದಿದ್ದರೆ, ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ನಮಗೆ ಬಂದ ಚೆಕ್ ವಾಪಸಾದರೆ ಆ ಸುದ್ದಿ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ ಮೇಲೆ ಹಣ ಕಟ್ಟಲು ಚೆಕ್ ಕೊಟ್ಟವರಿಗೆ 15 ದಿನ. ಅದಕ್ಕೇ ಚೆಕ್ ವಾಪಸಾಯಿತೆಂಬ ಬ್ಯಾಂಕಿನ ಮೆಮೊ ಕೈಗೆ ಬಂದ ದಿನವೇ ಅದರ ಮೇಲೆ ತಾರೀಖು ಬರೆದಿಡುತ್ತೇನೆ.

ಕೆಲವು ರೈತರು ಚೆಕ್ಕನ್ನು ಬ್ಯಾಂಕಿಗೇ ಹಾಕದೆ ಮನೆಯ ಟ್ರಂಕಿನಲ್ಲಿ ಇಟ್ಟುಬಿಡುತ್ತಾರೆ. ಚೆಕ್ಕಿನ ಆಯುಷ್ಯ ಬರೆದ ತಾರೀಖಿನಿಂದ ಮೂರೇ ತಿಂಗಳು, 2012ರ ಏಪ್ರಿಲ್‌ನಿಂದ. ಎರಡು ತಿಂಗಳಾದರೂ ಪಾಸಾದ ದಿನದ ಮನೆ ಖಾಲಿ ಕಂಡರೆ ನಾನೇ ಫೋನ್ ಮಾಡುತ್ತೇನೆ. ಅವಧಿ ಮುಗಿದಿದ್ದರೂ ಆ ಮೊತ್ತವನ್ನು ನಮ್ಮ ಉಳಿದ ಹಣಕ್ಕೆ ಸೇರಿಸಿಕೊಳ್ಳುವುದಿಲ್ಲ, ಚೆಕ್ ಹಳತಾದರೂ ಸಾಲ ಸಾಲವೇ. ಹಳೆಯದು ಕೈಗೆ ಬಂದು, ಅದರ ಮೇಲೆ ಅಡ್ಡಗೆರೆ ಎಳೆದು ವಹಿಗೆ ಪಿನ್ ಹಚ್ಚಿದ ನಂತರ ಹೊಸ ಚೆಕ್ ಬರೆದುಕೊಡುತ್ತೇನೆ.