ಚಿಕ್ಕ ಮೀನಿನ ಪಳೆಯುಳಿಕೆ ಕಲ್ಲಿನಿಂದ ಬಿಡಿಸಿ ಗುರುತಿಸುವುದು: ನನ್ನ ಅನುಭವ

ನಮ್ಮ ಕಾಸರಗೋಡಿನ ಮುರಕಲ್ಲಿನಲ್ಲಿ ಮೀನಿನ ಎಲುಬು ಹುಡುಕಿ ಫಲವಿಲ್ಲ. ಬಿಸಿಲು ಮಳೆಗೆ ಬಂಡೆ ಕೊಳೆತು ಆದ ಕಲ್ಲದು. ಕೈ ಪಳಗಿಸಲು ನಾನು ಬಳಸುವುದು ಅಮೆರಿಕದ ವಯೋಮಿಂಗ್‌ನ ಗ್ರೀನ್ ರಿವರ್ ಪದರಗಳಿಂದ ಬಂದ, ಇನ್ನೂ ಕಲ್ಲಿನಿಂದ ಬಿಡಿಸದ ನೈಟಿಯಾ ಎಂಬ ಅಳಿದುಹೋದ ಚಿಕ್ಕ ಮೀನು. ಸುಮಾರು 5 ಕೋಟಿ ವರ್ಷ ಹಿಂದಿನ ಸರೋವರದ್ದು. ತೆಳು ಪದರದ ಮಸುಕು ಸುಣ್ಣಕಲ್ಲಿನಲ್ಲಿ ಕಂದು ಎಲುಬು ಬೇರೆಯಾಗಿಯೇ ಕಾಣುತ್ತದೆ, ಹೊಸಬರಿಗೆ ಅದೇ ಆಸರೆ.

ಟೇಬಲ್ ಲ್ಯಾಂಪನ್ನು ಕಲ್ಲಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಟ್ಟರೆ ಮುಚ್ಚಿಹೋದ ಬೆನ್ನುಮೂಳೆ ಸಣ್ಣ ಏರಿಯಂತೆ ನೆರಳು ಕೊಡುತ್ತದೆ. ಅಲ್ಲಿಂದ ಶುರು. ಪಿನ್ ವೈಸ್‌ಗೆ (ಸೂಜಿ ಬಿಗಿಹಿಡಿಯುವ ಚಿಕ್ಕ ಹಿಡಿಕೆ) ಸಿಕ್ಕಿಸಿದ ಸೂಜಿ, ಆಗಾಗ ಮಸೆಯಲು ಸಾಣೆಕಲ್ಲು, 10 ಪಟ್ಟು ದೊಡ್ಡದು ಮಾಡುವ ಲೂಪ್ ಎಂಬ ಕೈಮಸೂರ, ಮೂಗಿಗೆ ಎನ್95 ಮಾಸ್ಕ್. ಸೂಜಿಯನ್ನು ಚುಚ್ಚಬಾರದು, ಮೀಟಬಾರದು. ಮಲಗಿಸಿ ಹಿಡಿದು ಪಕ್ಕೆಲುಬು ಸಾಗುವ ದಿಕ್ಕಿನಲ್ಲೇ ಕೆರೆಯಬೇಕು. ಅಡ್ಡ ಕೆರೆದರೆ ಎಲುಬೇ ಎದ್ದುಬರುತ್ತದೆ. ಒದ್ದೆ ಬ್ರಷ್ ಸವರಿದರೆ ಎಲುಬಿನ ಬಣ್ಣ ಗಾಢವಾಗುತ್ತದೆ, ಆದರೆ ಕಲ್ಲನ್ನು ನೀರಲ್ಲಿ ನೆನೆಹಾಕಿದರೆ ಪದರ ಬಿಡುವ ಭಯ. ವಿನೆಗರ್ ಬೇಡವೇ ಬೇಡ: ಸುಣ್ಣಕಲ್ಲು ಕರಗಿತೆಂದರೆ ಚಪ್ಪಟೆಯಾದ ಅಸ್ಥಿಪಂಜರಕ್ಕೆ ಕೆಳಗೆ ಆಧಾರವಿಲ್ಲ.

ಎಲುಬು ಗಟ್ಟಿಯಾಗಲು 100 ಮಿ.ಲೀ. ಅಸಿಟೋನ್‌ಗೆ 5 ಗ್ರಾಂ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಅಂಟು. ಹರಳನ್ನು ತೆಳುಬಟ್ಟೆಯಲ್ಲಿ ಕಟ್ಟಿ ತೂಗಬಿಟ್ಟು ಬಾಟಲಿ ಮುಚ್ಚಿಡಿ, ತಳಕ್ಕೆ ಅಂಟದೆ ಕರಗುತ್ತದೆ. ಇಲ್ಲಿನ ಮಳೆಗಾಲದಲ್ಲಿ ಇದು ಬೆಳ್ಳಗೆ ಮಂಜುಗಟ್ಟುವುದುಂಟು. ಅಸಿಟೋನ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುವುದೇ ಕಾರಣ. ಒಣ ಬಿಸಿಲಿನ ದಿನ ಬರೀ ಅಸಿಟೋನ್ ಸವರಿದರೆ ತಿಳಿಯಾಗುತ್ತದೆ. ಒಲೆಯ ಹತ್ತಿರ ಮಾತ್ರ ಈ ಕೆಲಸ ಬೇಡ, ಬೆಂಕಿ ಹಿಡಿಯುತ್ತದೆ. ಸೂಪರ್ ಗ್ಲೂ ಹಾಕಿದರೆ ಹೀಗೆ ತಿದ್ದುವುದು ಸುಲಭವಲ್ಲ.

ಹೊಸಬರು ಪಕ್ಕೆಲುಬನ್ನು ಫಳಫಳ ಮಾಡಿ ರೆಕ್ಕೆಯ ಅಂಚು ಕೆರೆದುಹಾಕುತ್ತಾರೆ. ಹೆಸರು ಸಿಗುವುದೇ ರೆಕ್ಕೆಗಳಲ್ಲಿ! ಅಂಚು ಸ್ಪಷ್ಟವಿಲ್ಲದಿದ್ದರೆ ಮೇಲೆ ಸ್ವಲ್ಪ ಕಲ್ಲು ಉಳಿಯಲಿ. ಉದ್ದವನ್ನು ಮೂತಿಯಿಂದ ಬಾಲದ ರೆಕ್ಕೆಯ ಬುಡದವರೆಗೆ ಅಳೆಯಿರಿ, ಬಾಲದ ತುದಿಗಲ್ಲ. ಹೋಲಿಕೆಗೆ ಒಂದು ಬೂತಾಯಿ ಬೇಯಿಸಿ ಮಾಂಸ ಬಿಡಿಸಿ ನೋಡಿ: ಹೊಟ್ಟೆಯಂಚಿನ ಗರಗಸದಂಥ ಹುರುಪೆ ನೈಟಿಯಾದಲ್ಲೂ ಇದೆ.

ಅದೇ ಪದರಗಳಲ್ಲಿ ಬೇರೆ ಮೀನುಗಳೂ ಸಿಗುತ್ತವೆ. ಬೆನ್ನ ಮೇಲೆ ಎರಡು ಬಿಡಿ ರೆಕ್ಕೆಗಳಿದ್ದರೆ ಮಯೊಪ್ಲೊಸಸ್. ಗುಂಡು ಮೈ, ದಪ್ಪ ಮುಳ್ಳಿನ ರೆಕ್ಕೆ ಇದ್ದರೆ ಪ್ರಿಸ್ಕಕಾರ. ತೊಡಕು ಮರಿ ಡಿಪ್ಲೊಮಿಸ್ಟಸ್‌ನದು, ನೋಟಕ್ಕೆ ನೈಟಿಯಾವೇ. ಆದರೆ ಬಾಯಿ ಮೇಲ್ಮುಖ, ಗುದದ ರೆಕ್ಕೆ ಬಾಲದ ಹತ್ತಿರದವರೆಗೆ ಉದ್ದ. ನೈಟಿಯಾದಲ್ಲಿ ಅದು ಗಿಡ್ಡ. ಆ ರೆಕ್ಕೆ, ತಲೆ ಎರಡೂ ಹಾಳಾಗಿದ್ದರೆ ಚೀಟಿಯಲ್ಲಿ ನಾನು ‘ಕ್ಲುಪಿಯೊಮಾರ್ಫ್’ ಎಂದು ಇವೆರಡೂ ಸೇರುವ ಗುಂಪಿನ ಹೆಸರಷ್ಟೇ ಬರೆಯುತ್ತೇನೆ.